‘ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ’

ಮಾನ್ಯ ಸಂಪಾದಕರೇ,

ಸುಲ್ತಾನ್‌ಪೇಟೆಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್‌ಬುಕ್ಕು, ಇಷ್ಟೇ ನಮ್ಮ ಕೆಲಸ. ಮೆಷಿನ್ನು ಯಜಮಾನರದ್ದು, ಡಿಟಿಪಿ ಮತ್ತು ಇಮೇಲ್ ನನ್ನದು. ವಾಟ್ಸ್ಆ್ಯಪ್ ಇರುವಾಗ ಮೇಲ್ ಯಾಕೆ ಅಂತ ಕೇಳುವವರಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕುಗ್ಗಿ ಬರುತ್ತದೆ, ಕಾರ್ಡಿಗೆ ಹಾಕಿದರೆ ವಧುವಿನ ಮುಖವೇ ಕಲಸಿಹೋಗುತ್ತದೆ. ಪ್ರೂಫ್ ನೋಡಿ ‘ಓಕೆ’ ಅಂದದ್ದು ಮೇಲ್‌ನಲ್ಲಿದ್ದರೆ ನಾಳೆ ಜಗಳವೂ ಇರುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ. ನಮ್ಮ ಹಳೇ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಲಿಲ್ಲ. ಪಕ್ಕದ ಎಸ್.ಪಿ. ರೋಡಿಗೆ ಹೋಗಿ ಹೊಸದು ತಂದೆವು. ಅಂಗಡಿಯ ಹುಡುಗ ಬಂದು ಫೈಲು, ಕೋರೆಲ್‌ಡ್ರಾ, ನುಡಿ ಫಾಂಟು ಎಲ್ಲ ಹಾಕಿಕೊಟ್ಟ. ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಹಾಕಿ ಪ್ರೆಸ್ಸಿನ ಮೇಲ್ ವಿಳಾಸವನ್ನೂ ಸೇರಿಸಿದ. ಬಿಲ್ಲಿನಲ್ಲಿ ‘ಡೇಟಾ ಟ್ರಾನ್ಸ್‌ಫರ್’ ಅಂತ ಬರೆದು ದುಡ್ಡು ತೆಗೆದುಕೊಂಡು ಹೋದ. ದೀಪಾವಳಿ ಕಳೆದು ಮದುವೆ ಸೀಸನ್ ಶುರುವಾಗಿತ್ತು.

ಮೊದಲ ಪ್ರೂಫ್ ಕಳಿಸಿದಾಗಲೇ ತೊಂದರೆ. ಹಸಿರು ಪಟ್ಟಿ ಅರ್ಧಕ್ಕೆ ನಿಂತು, ಸರ್ವರ್ ಉತ್ತರ ಕೊಡುತ್ತಿಲ್ಲ ಅನ್ನುವ ಕಿಟಕಿ ತೆರೆದುಕೊಂಡಿತು. ಹುಡುಗನಿಗೆ ಫೋನ್ ಮಾಡಿದೆ. ಅವನು ಅಲ್ಲಿಂದಲೇ ನಮ್ಮ ಕಂಪ್ಯೂಟರ್ ಒಳಗೆ ಬಂದು, ಮೇಲ್ ಕಳಿಸಲು ನಮ್ಮ ಮೇಲ್ ಕಂಪನಿಯ ಸರ್ವರ್ ಹೆಸರು ಇದ್ದ ಕಡೆ ಇಂಟರ್‌ನೆಟ್ ಕಂಪನಿಯ ಸರ್ವರ್ ಹೆಸರು ಹಾಕಿದ. ಮೇಲ್ ಹೋಯಿತು. ‘ಆಯ್ತಲ್ಲ ಮೇಡಂ’ ಅಂದ.

ಎಲ್ಲಿ ಆಯಿತು? ಪ್ರೂಫ್ ಬಂದಿಲ್ಲ ಅಂತ ಗಿರಾಕಿಗಳ ಫೋನು ಶುರುವಾಯಿತು. ನೋಡಿದರೆ ಎಲ್ಲವೂ ಅವರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದವು. ನನ್ನದೇ ಜಿಮೇಲ್‌ಗೆ ಒಂದು ಕಳಿಸಿ, ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆಗೆದೆ. ಎಸ್‌ಪಿಎಫ್ ಎದುರಿಗೆ ‘ಸಾಫ್ಟ್‌ಫೇಲ್’ ಅಂತಿತ್ತು. ನಮ್ಮ ಪ್ರೆಸ್ಸಿನ ಹೆಸರಿನಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿಗೆ ಎಸ್‌ಪಿಎಫ್ ಅನ್ನುತ್ತಾರೆ. ಇಂಟರ್‌ನೆಟ್ ಕಂಪನಿಯ ಸರ್ವರ್ ಆ ಪಟ್ಟಿಯಲ್ಲಿ ಇಲ್ಲ, ಇರಲೂಬಾರದು. 2024ರ ಫೆಬ್ರವರಿಯಿಂದ ಜಿಮೇಲ್ ಇಂಥ ತಪಾಸಣೆಯನ್ನು ಬಿಗಿ ಮಾಡಿದೆ. ಮೋಸದ ಮೇಲ್ ತಡೆಯಬೇಕು, ಅದರಲ್ಲಿ ನನ್ನದೇನೂ ತಕರಾರಿಲ್ಲ.

ಮೂಲ ಕಾರಣ ಬೇರೆ ಇತ್ತು. ಮೇಲ್ ಹೊರಗೆ ಹೋಗುವ ಬಾಗಿಲಿಗೆ ಪೋರ್ಟ್ ಅನ್ನುತ್ತಾರೆ, ಅದಕ್ಕೊಂದು ನಂಬರ್ ಇರುತ್ತದೆ. ಹುಡುಗ ಮೊದಲು ಹಾಕಿದ್ದು ಪೋರ್ಟ್ 25. ಸ್ಪ್ಯಾಮ್ ಹರಡುವುದನ್ನು ತಡೆಯಲು ಎಷ್ಟೋ ಇಂಟರ್‌ನೆಟ್ ಕಂಪನಿಗಳು ಆ ಬಾಗಿಲನ್ನು ಮುಚ್ಚಿಬಿಟ್ಟಿವೆ. ನಮ್ಮಂಥವರು ಮೇಲ್ ಕಳಿಸುವುದಕ್ಕೆ ಇರುವುದು 587 ಅಥವಾ 465. ನಮ್ಮ ಮೇಲ್ ಕಂಪನಿಯ ಸರ್ವರ್ ಹೆಸರನ್ನೇ ಮತ್ತೆ ಹಾಕಿ, 587 ಕೊಟ್ಟು, ಮೇಲನ್ನು ಗುಟ್ಟಾಗಿ ಸಾಗಿಸುವ ಸ್ಟಾರ್ಟ್‌ಟಿಎಲ್ಎಸ್ ಆರಿಸಿ, ಯೂಸರ್ ನೇಮ್ ಜಾಗದಲ್ಲಿ ಪೂರ್ತಿ ವಿಳಾಸ ಬರೆದ ಮೇಲೆ ಎಸ್‌ಪಿಎಫ್ ಎದುರಿಗೆ ‘ಪಾಸ್’ ಅಂತ ಬಂತು. ಅರ್ಧ ಗಂಟೆಯ ಕೆಲಸವೂ ಅಲ್ಲ.

ಇದಕ್ಕಿಂತ ಜಾಸ್ತಿ ಕಾಡಿದ್ದು ಬರುವ ಮೇಲ್. ಕೆಲವು ಬರುತ್ತಿದ್ದವು, ಕೆಲವು ಇಲ್ಲ. ತುಮಕೂರಿನ ಒಬ್ಬರು ಮುಹೂರ್ತ ಧನುರ್ ಲಗ್ನದಿಂದ ಮಕರ ಲಗ್ನಕ್ಕೆ ಬದಲಾಗಿದೆ ಅಂತ ಮೇಲ್ ಮಾಡಿದ್ದರು. ನಮಗೆ ಸಿಗಲಿಲ್ಲ. ಅವರಿಗೆ ವಾಪಸ್ಸೂ ಬರಲಿಲ್ಲ, ಹಾಗಾಗಿ ತಲುಪಿದೆ ಅಂತಲೇ ತಿಳಿದಿದ್ದರು. ಪ್ಲೇಟ್ ಮಾಡಿಸುವ ಮೊದಲು ಯಜಮಾನರು ಒಂದು ಸಲ ಫೋನ್ ಮಾಡಿ ಕೇಳುವ ಪದ್ಧತಿ ಇದೆ. ಅದರಿಂದ ಬಚಾವಾದೆವು.

ಆ ಮೇಲ್ ಸಿಕ್ಕಿದ್ದು ಹಳೇ ಕಂಪ್ಯೂಟರ್‌ನಲ್ಲಿ. ಲೆಕ್ಕ ಬರೆಯಲು ಅದನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ. ಆನ್ ಮಾಡಿದ ಕೂಡಲೇ ಮೇಲ್ ಪ್ರೋಗ್ರಾಂ ತಾನೇ ತೆರೆದುಕೊಂಡು, ಪಾಪ್ ಪದ್ಧತಿಯಲ್ಲಿ ಸರ್ವರ್‌ನಿಂದ ಮೇಲ್ ಇಳಿಸಿಕೊಂಡು, ಅಲ್ಲಿದ್ದುದನ್ನು ಅಳಿಸಿಬಿಡುತ್ತಿತ್ತು. ಸರ್ವರ್‌ನಲ್ಲಿ ಪ್ರತಿ ಉಳಿಸಿ ಅನ್ನುವುದಕ್ಕೆ ಟಿಕ್ ಇರಲಿಲ್ಲ. ಎರಡು ಕಂಪ್ಯೂಟರ್‌ಗಳಲ್ಲಿ ಯಾವುದು ಮೊದಲು ಎಳೆದುಕೊಂಡರೆ ಮೇಲ್ ಅದರ ಪಾಲು! ಹಳೆಯದರಲ್ಲಿ ಖಾತೆ ತೆಗೆದು, ಹೊಸದರಲ್ಲಿ ಐಮ್ಯಾಪ್ ಹಾಕಿದ ಮೇಲೆ ಕಾಟ ತಪ್ಪಿತು. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಮೊಬೈಲ್‌ನಲ್ಲೂ ಅದೇ ಕಾಣುತ್ತದೆ.

ಈಗ ನನ್ನ ದೂರು. ಇಷ್ಟನ್ನು ತಿಳಿಯಲು ಮೂರು ಕಡೆ ಕೇಳಿದೆ. ಕಂಪ್ಯೂಟರ್ ಅಂಗಡಿಯವರು, ‘ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ, ಮೇಲ್ ಕಂಪನಿಯವರನ್ನು ಕೇಳಿ’ ಅಂದರು. ಇಂಟರ್‌ನೆಟ್‌ನವರು ಸ್ಪೀಡ್ ಟೆಸ್ಟ್ ಮಾಡಿಸಿ, ‘ನಮ್ಮ ಕಡೆ ಸರಿ ಇದೆ’ ಅಂದರು. ಪೋರ್ಟ್ 25 ಮುಚ್ಚಿದ್ದೀರಾ ಅಂದರೆ ಫೋನಿನಲ್ಲಿದ್ದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೇಲ್ ಕಂಪನಿಯವರಂತೂ ಮೇಲ್ ಬರುತ್ತಿಲ್ಲ ಅಂತ ದೂರು ಕೊಟ್ಟ ಅದೇ ವಿಳಾಸಕ್ಕೆ ಉತ್ತರ ಕಳಿಸಿ, ನಾನು ಪ್ರತಿಕ್ರಿಯಿಸಲಿಲ್ಲ ಅಂತ ಟಿಕೆಟ್ ಕ್ಲೋಸ್ ಮಾಡಿದ್ದರು. ಅದೂ ಹಳೇ ಕಂಪ್ಯೂಟರ್‌ನಲ್ಲೇ ಬಿದ್ದಿತ್ತು. ಮೂರು ಕಡೆಯೂ ಸರಿ ಇದ್ದು, ನಡುವೆ ಒಂದು ಮದುವೆಯ ಮುಹೂರ್ತ ತಪ್ಪುವುದರಲ್ಲಿತ್ತು.

ಎಸ್.ಪಿ. ರೋಡಿನ ವ್ಯಾಪಾರಿಗಳಿಗೆ ನನ್ನ ಕೋರಿಕೆ ಇಷ್ಟು. ಮೇಲ್ ಹಾಕಿಕೊಟ್ಟೆವು ಅನ್ನುವ ಮೊದಲು ಗಿರಾಕಿಯ ಎದುರಿಗೇ ಹೊರಗಿನ ವಿಳಾಸಕ್ಕೆ ಒಂದು ಮೇಲ್ ಕಳಿಸಿ, ಅದು ಇನ್‌ಬಾಕ್ಸ್‌ಗೆ ಬಿತ್ತೋ ಸ್ಪ್ಯಾಮ್‌ಗೋ ನೋಡಿ. ಅಲ್ಲಿಂದ ಉತ್ತರ ತರಿಸಿ. ಹಳೇ ಕಂಪ್ಯೂಟರ್ ಇನ್ನೂ ಮೇಲ್ ಎಳೆಯುತ್ತಿದೆಯಾ ಅಂತ ಕೇಳಿ. ಆಮೇಲೆ ಬಿಲ್ ಮಾಡಿ. ಮೇಲ್ ಕಂಪನಿಗಳು ಸರ್ವರ್ ಹೆಸರು, ಪೋರ್ಟು ಇರುವ ಒಂದು ಪುಟವನ್ನು ಕನ್ನಡದಲ್ಲಿ ಕೊಟ್ಟರೆ ಅರ್ಧ ಫೋನು ಅವರಿಗೇ ಕಡಿಮೆಯಾಗುತ್ತದೆ ಅಲ್ವಾ? ಖಾತೆಯ ದೂರಿಗೆ ಉತ್ತರವನ್ನು ಫೋನಿಗಾದರೂ ಒಂದು ಮೆಸೇಜ್ ಮಾಡಿ ತಿಳಿಸಲಿ.

ಇನ್ನೊಂದು ಮಾತು, ಹಳೇ ಕಂಪ್ಯೂಟರನ್ನು ಎಕ್ಸ್‌ಚೇಂಜ್‌ಗೆ ಕೊಡುವವರಿಗೆ. ಪಾಪ್‌ನಲ್ಲಿ ಇಳಿಸಿ ಸರ್ವರ್‌ನಲ್ಲಿ ಅಳಿಸಿದ ಮೇಲ್‌ಗಳು ಆ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ ಇರುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿದರೆ ಅವು ಬರುವುದಿಲ್ಲ. ಮೇಲ್ ಪ್ರೋಗ್ರಾಂನ ಫೋಲ್ಡರ್ ಬೇರೆಯೇ ಇರುತ್ತದೆ. ಅದನ್ನು ತೆಗೆದುಕೊಂಡ ಮೇಲೆಯೇ ಫಾರ್ಮ್ಯಾಟ್ ಮಾಡಲು ಬಿಡಿ.

– ಪ್ರೆಸ್ಸಿನ ಡಿಟಿಪಿ ಕೆಲಸದವಳು, ಸುಲ್ತಾನ್‌ಪೇಟೆ, ಬೆಂಗಳೂರು