ಮೆಣಸಿನ ತಳಿ: ಎಲೆಯಲ್ಲ, ಬೇರು ನೋಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯುವ ಹೊತ್ತಿಗೆ ಕೊಡಗಿನಲ್ಲಿ ‘ಸೊರಗು ರೋಗ ಬಾರದ ಮೆಣಸಿನ ಬಳ್ಳಿ’ ಎಂಬ ಮಾತು ಹರಡುತ್ತದೆ. ಅಂಥ ಬಳ್ಳಿ ಇಲ್ಲ. ಅಪ್ಪಂಗಳದಲ್ಲಿ ಕೇಂದ್ರವಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ತಳಿಗಳು ಕೂಡ ರೋಗವನ್ನು ತಾಳಿಕೊಳ್ಳುತ್ತವೆ, ಅಷ್ಟೇ.

ಹೊಸ ತಳಿ ಪರೀಕ್ಷಿಸುವವರು ಕನಿಷ್ಠ 20 ಬಳ್ಳಿಗಳನ್ನು, ರೋಗಕ್ಕೆ ಬೇಗ ತುತ್ತಾಗುವ ಪಣಿಯೂರು-1ರ ಅಷ್ಟೇ ಬಳ್ಳಿಗಳೊಂದಿಗೆ ಬೆರೆಸಿ, ಹಿಂದೆ ಬಳ್ಳಿ ಸತ್ತ ಜಾಗದಲ್ಲೇ ನೆಡಬೇಕು. ಪಣಿಯೂರು ಬದುಕುಳಿದರೆ ಹೊಸ ತಳಿ ಗೆದ್ದಿತೆಂದಲ್ಲ. ಆ ಮಣ್ಣಿನಲ್ಲಿ ಸೊರಗು ರೋಗ ತರುವ, ಶಿಲೀಂಧ್ರದಂಥ ಫೈಟಾಫ್ತೊರಾ ರೋಗಾಣುವಿನ ಕಾಟವೇ ಸಾಲದಾಯಿತು ಎಂದರ್ಥ. ಎರಡು ಮಳೆಗಾಲವಾದರೂ ಕಾಯಲೇಬೇಕು. ಮಳೆಯಲ್ಲಿ ಹೀರುಬೇರು ಕೊಳೆತರೂ ಬಳ್ಳಿ ಹಸಿರಾಗಿಯೇ ಕಾಣುತ್ತದೆ, ಮಣ್ಣು ಒಣಗಿದ ಮೇಲೆ ಸೊರಗುತ್ತದೆ. ಸತ್ತ ಬಳ್ಳಿಯ ಬೇರು ತೊಳೆದು ನೋಡಿ: ಕಪ್ಪಾಗಿ ಕೊಳೆತಿದ್ದರೆ ಸೊರಗು ರೋಗದ ಲೆಕ್ಕ, ಗಂಟುಗಳಿದ್ದರೆ ಮಣ್ಣಿನ ಜಂತುಹುಳುವೂ (ನೆಮಟೋಡ್) ಸೇರಿದೆ, ಅದನ್ನು ಬೇರೆಯೇ ಬರೆದಿಡಬೇಕು. ಬಸಿಗಾಲುವೆ, ನೆರಳು, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಎಲ್ಲಕ್ಕೂ ಒಂದೇ ಸಮ ಇರಲಿ. ಒಂದು ತಳಿಗೆ ಮಾತ್ರ ರೋಗಾಣುವನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಹಾಕಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಬಳ್ಳಿ ಮಾರುವವರು ಇಂಥ ಲೆಕ್ಕವನ್ನು ಬೆಳೆಗಾರರಿಗೆ ತೋರಿಸಲಿ.

– ಕೆಲವು ಮೆಣಸು ಬೆಳೆಗಾರರು, ಮಡಿಕೇರಿ