ಬಾಟಲಿಗೆ ಒಂದು ದೊಡ್ಡ ಚಮಚ ಸಕ್ಕರೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಬಿಯರ್ ಮಾಡುವ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ತಿಪಟೂರಿನಿಂದ ನನ್ನ ತಂಗಿ ಅದರ ಫೋಟೋ ತೆಗೆದು, 'ಅಣ್ಣಾ, ನಿನ್ನ ಹುಚ್ಚು ಪೇಪರಲ್ಲಿ ಬಂದಿದೆ ನೋಡು' ಅಂತ ವಾಟ್ಸಾಪಿನಲ್ಲಿ ಕಳಿಸಿದಳು. ಖುಷಿಯಿಂದಲೇ ಓದಲು ಕೂತೆ. ಬಾಟಲಿಗೆ ಒಂದು ದೊಡ್ಡ ಚಮಚ ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿ ಅನ್ನುವ ಸಾಲಿಗೆ ಬಂದಾಗ ಎದೆ ಝಲ್ಲೆಂದಿತು.

ದೊಡ್ಡ ಚಮಚ ಅಂದರೆ ಸುಮಾರು 12 ಗ್ರಾಂ. 355 ಮಿ.ಲೀ. ಬಾಟಲಿಗೆ ಬೇಕಾದ್ದು ಬರೀ 2 ಗ್ರಾಂ. ಮುಚ್ಚಿದ ಬಾಟಲಿಯೊಳಗೆ ಉಳಿದ ಯೀಸ್ಟ್ ಈ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಒಂದು ಗ್ರಾಂ ಸಕ್ಕರೆಗೆ ಹತ್ತಿರ ಹತ್ತಿರ ಅರ್ಧ ಗ್ರಾಂ ಗ್ಯಾಸು. ಬಿಯರಿನ ನೊರೆ ಬರುವುದೇ ಅದರಿಂದ. ಆರು ಪಟ್ಟು ಹಾಕಿದರೆ ನೊರೆ ಬರುವುದಿಲ್ಲ, ಗಾಜು ಸಿಡಿಯುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಗ್ಯಾರೇಜಿನಲ್ಲಿ ಒಂದು ರಾತ್ರಿ ಹೀಗೇ ಆಗಿ, ಬೆಳಿಗ್ಗೆ ನೋಡಿದರೆ ಗೋಡೆಯಲ್ಲಿ ಗಾಜಿನ ಚೂರು ನಾಟಿಕೊಂಡಿತ್ತು. ಯಾರೂ ಹತ್ತಿರ ಇರಲಿಲ್ಲ, ಪುಣ್ಯ.

'ಏಳು ದಿನಕ್ಕೆ ಬಾಟಲಿಗೆ ತುಂಬಿ' ಅನ್ನುವುದೂ ಅಷ್ಟೇ ಅಪಾಯ. ಯೀಸ್ಟ್ ಕ್ಯಾಲೆಂಡರ್ ನೋಡಿ ಕೆಲಸ ನಿಲ್ಲಿಸುವುದಿಲ್ಲ. ಸಕ್ಕರೆ ಎಷ್ಟು ಉಳಿದಿದೆ ಅಂತ ಅಂಕಿಯಲ್ಲಿ ತೋರಿಸುವ ಹೈಡ್ರೋಮೀಟರ್ ಇಳಿಬಿಟ್ಟು ನೋಡಬೇಕು, ಎರಡು ಮೂರು ದಿನ ಬಿಟ್ಟು ಮತ್ತೆ ನೋಡಬೇಕು, ಎರಡೂ ಸಲ ಅಂಕಿ ಒಂದೇ ಇದ್ದರೆ ಮಾತ್ರ ಬಾಟಲಿ. ನಾನು ಎರಡು ವಾರಕ್ಕೆ ಮುಂಚೆ ಅದರ ತಂಟೆಗೇ ಹೋಗುವುದಿಲ್ಲ.

ಲೇಖನದಲ್ಲಿ ಮಾಲ್ಟ್ ಅಂದರೆ 'ಅಂಗಡಿಯಲ್ಲಿ ಸಿಗುವ ಒಂದು ಪುಡಿ' ಅಂತಿತ್ತು. ಇದಕ್ಕೆ ನನಗೆ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ನಮ್ಮ ಅಜ್ಜಿ ಮೊಮ್ಮಕ್ಕಳ ರಾಗಿ ಸರಿಗೆ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಬೀಸುತ್ತಿದ್ದಳಲ್ಲ, ಅದೇ ಮಾಲ್ಟು. ಬಾರ್ಲಿಗೂ ಅದೇ ಕೆಲಸ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವ ಹುಟ್ಟುತ್ತದೆ, ಬಿಸಿನೀರು ಸಿಕ್ಕರೆ ಆ ಕಿಣ್ವ ಕಾಳಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮೊಳಕೆ ರಾಗಿ ಹಿಟ್ಟಿನ ಗಂಜಿ ಮಾಮೂಲಿ ಹಿಟ್ಟಿನ ಗಂಜಿಗಿಂತ ತೆಳ್ಳಗೆ, ಸಿಹಿಯಾಗಿ ಇರುವುದು ಇದಕ್ಕೇ. 1516ರಲ್ಲಿ ಬವೇರಿಯಾದಲ್ಲಿ ಮಾಡಿದ ಕಟ್ಟಳೆ ಪ್ರಕಾರ ಬಿಯರಿಗೆ ಬಾರ್ಲಿ, ಹಾಪ್ಸ್ (ಕಹಿ, ಪರಿಮಳ ಕೊಡುವ ಒಂದು ಬಳ್ಳಿಯ ಹೂವು), ನೀರು ಮೂರೇ. ಯೀಸ್ಟಿನ ಹೆಸರೂ ಅದರಲ್ಲಿಲ್ಲ. ಸಕ್ಕರೆ ಚೀಲದ ಮಾತಂತೂ ಇಲ್ಲವೇ ಇಲ್ಲ.

ನಾನು ಇರುವುದು ಅಮೆರಿಕದ ಆರಿಗನ್ ರಾಜ್ಯದ ಬೀವರ್ಟನ್‌ನಲ್ಲಿ. ಇಲ್ಲಿ ಹಾಪ್ಸ್ ಬೆಳೆಯುವ ಹೊಲಗಳು ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಮೊದಲ ಸಲ ಬರೀ ಕಾಳಿನಿಂದಲೇ ಬಿಯರ್ ಮಾಡಲು ಹೊರಟಾಗ ಒಂದು ಗ್ಯಾಲನ್ ಸಾಕು ಅಂದುಕೊಂಡೆ, ಅಂದರೆ 3.8 ಲೀಟರ್. ಹಾಳಾದರೂ ಹೊಟ್ಟೆ ಉರಿಯಬಾರದು ನೋಡಿ. 900 ಗ್ರಾಂ ಬಾರ್ಲಿ ಮಾಲ್ಟ್ ತಂದೆ, ತರಿತರಿಯಾಗಿ ಒಡೆಸಿದ್ದು. ನುಣ್ಣಗೆ ಹಿಟ್ಟು ಮಾಡಿಸಿದರೆ ಆಮೇಲೆ ಸೋಸುವಾಗ ಅಂಟಿನ ಮುದ್ದೆ ಆಗುತ್ತದೆ. ಅದನ್ನು ತೆಳು ಬಟ್ಟೆಯ ಚೀಲದಲ್ಲಿ ಹಾಕಿ, 2.7 ಲೀಟರ್ ಬಿಸಿನೀರಿನಲ್ಲಿ ಇಳಿಬಿಟ್ಟು, ಪಾತ್ರೆಗೆ ಹಳೇ ಕಂಬಳಿ ಸುತ್ತಿ ಒಂದು ಗಂಟೆ ಇಟ್ಟೆ. ಥರ್ಮಾಮೀಟರ್ 67 ಡಿಗ್ರಿ ತೋರಿಸುತ್ತಿತ್ತು. ಎಲ್ಲ ಸರಿಯಾಗಿದೆ ಅಂತ ನಾನೂ ಬೀಗುತ್ತಿದ್ದೆ.

ಚೀಲದ ಮೇಲೆ ಇನ್ನೂ ಮೂರೂವರೆ ಲೀಟರ್ ಬಿಸಿನೀರು ಸುರಿದು, ಬಂದ ಸಿಹಿನೀರನ್ನು ಒಂದು ಗಂಟೆ ಕುದಿಸಿದೆ. ಕುದಿ ಹತ್ತಿದ ಕೂಡಲೇ ಕಹಿಗೆ ಅಂತ ಸ್ವಲ್ಪ ಕ್ಯಾಸ್ಕೇಡ್ ಹಾಪ್ಸ್, ಕೊನೆಯ ಐದು ನಿಮಿಷ ಇದ್ದಾಗ ಪರಿಮಳಕ್ಕೆ ಇನ್ನಷ್ಟು. ಆ ಹಾಪ್ಸ್ ತಳಿ ಇದೇ ರಾಜ್ಯದಲ್ಲಿ ಬೆಳೆಸಿ 1972ರಲ್ಲಿ ರೈತರ ಕೈಗೆ ಬಂದದ್ದು. ಮನೆಯೆಲ್ಲ ಕಿತ್ತಳೆ ಸಿಪ್ಪೆ ಕುದಿಸಿದ ಹಾಗೆ ವಾಸನೆ. ಆಮೇಲೆ ಐಸ್ ತುಂಬಿದ ಸಿಂಕಿನಲ್ಲಿ ಪಾತ್ರೆ ಇಟ್ಟು 20 ಡಿಗ್ರಿಗೆ ಇಳಿಸಿ ಯೀಸ್ಟ್ ಹಾಕಿದೆ. ಪೂರ್ತಿ ಪ್ಯಾಕೆಟ್ ಬೇಡ, 11 ಗ್ರಾಂ ಪ್ಯಾಕೆಟ್ 20 ಲೀಟರಿನ ಲೆಕ್ಕದ್ದು. ಅಡುಗೆಮನೆಯಲ್ಲಿ ಉಕ್ಕುತ್ತಿದ್ದ ದೋಸೆ ಹಿಟ್ಟನ್ನು ಮಾತ್ರ ಆಚೆ ಕೋಣೆಗೆ ಕಳಿಸಬೇಕಾಯಿತು. ಅದರ ಹುಳಿ ಬ್ಯಾಕ್ಟೀರಿಯಾ ಇದರೊಳಗೆ ಸೇರಿದರೆ ಬಿಯರ್ ಹುಳಿ ಆಗಬಹುದು. ಹೆಂಡತಿಗೆ ಕೋಪ ಬಂತು, ದೋಸೆಗೆ ಮನೆಯಲ್ಲಿ ಜಾಗ ಇಲ್ಲವಾ ಅಂತ.

ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ್ದು ಮುಗಿದಾಗ ಮೂರೂವರೆ. ಅದರಲ್ಲಿ ಬಿಯರ್ ಮಾಡಿದ್ದು ಕಡಿಮೆ, ಪಾತ್ರೆ ತೊಳೆದದ್ದೇ ಜಾಸ್ತಿ. ಲೇಖನದಲ್ಲಿ 'ಒಂದು ಗಂಟೆಯ ಕೆಲಸ' ಅಂತಿತ್ತು, ಪಾತ್ರೆ ಯಾರು ತೊಳೆದರೋ ಏನೋ.

ಎರಡು ವಾರ ಆದಮೇಲೆ ಹೈಡ್ರೋಮೀಟರ್ 1.020ಕ್ಕೆ ಬಂದು ನಿಂತುಬಿಟ್ಟಿತು. ಮೊದಲು 1.050 ಇತ್ತು, 1.012ಕ್ಕಾದರೂ ಇಳಿಯಬೇಕಿತ್ತು. ಕುಡಿದು ನೋಡಿದರೆ ಗಂಜಿಯ ಹಾಗೆ ದಪ್ಪ, ಸಿಹಿ. ಅನುಮಾನ ಬಂದು ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಾಕಿದೆ. 95 ತೋರಿಸಿತು! ಅಂದರೆ ನಾನು 67 ಅಂದುಕೊಂಡದ್ದು ನಿಜವಾಗಿ 72ರ ಹತ್ತಿರ. ಕಿಣ್ವಗಳಲ್ಲಿ ಎರಡು ಬಗೆ ಇವೆ. ಯೀಸ್ಟಿಗೆ ಇಷ್ಟವಾದ ಸಣ್ಣ ಸಕ್ಕರೆ ಮಾಡುವುದು 65ರ ಆಚೆ ಈಚೆ ಚುರುಕಾಗಿದ್ದು, 70 ದಾಟಿದರೆ ಬೇಗ ಸುಸ್ತಾಗುತ್ತದೆ. ಇನ್ನೊಂದು ಆ ಬಿಸಿಯಲ್ಲೂ ದುಡಿಯುತ್ತದೆ, ಆದರೆ ಅದು ಒಡೆದ ದೊಡ್ಡ ತುಂಡುಗಳನ್ನು ಯೀಸ್ಟ್ ಮುಟ್ಟುವುದಿಲ್ಲ. ಐದು ಡಿಗ್ರಿಗೆ ಇಷ್ಟೆಲ್ಲ. ನಿಮ್ಮ ಲೇಖನದಲ್ಲಿ 'ಬಿಸಿನೀರು' ಅಂತ ಬಿಟ್ಟರೆ ಒಂದು ಅಂಕಿಯೂ ಇರಲಿಲ್ಲ.

ಕುದಿಯುವಾಗ ಎರಡು ಲೀಟರ್ ಆವಿಯಾಗಿ, ತಳದ ಗಸಿಯನ್ನು ಬಿಟ್ಟು, ನನಗೆ ಕೊನೆಗೆ ಸಿಕ್ಕಿದ್ದು ಎಂಟು ಬಾಟಲಿ. ಉಳಿದ ಕಾಳಿನ ಸಿಪ್ಪೆಯನ್ನು ಹೆಂಡತಿ ಈರುಳ್ಳಿ ಹಸಿಮೆಣಸಿನಕಾಯಿ ಜೊತೆ ರೊಟ್ಟಿ ತಟ್ಟಿದಳು. ನಿಜ ಹೇಳಬೇಕಂದರೆ ಬಿಯರಿಗಿಂತ ರೊಟ್ಟಿನೇ ಚೆನ್ನಾಗಿತ್ತು.

ಇನ್ನೊಂದು ಮಾತು. ಲೇಖನದ ಕೊನೆಗೆ 'ನೀವೂ ಮಾಡಿ ನೋಡಿ' ಅಂತ ಹಾಕಿದ್ದೀರಿ. ಇಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಒಬ್ಬರು ವರ್ಷಕ್ಕೆ 100 ಗ್ಯಾಲನ್ ತನಕ ಮನೆ ಬಳಕೆಗೆ ತೆರಿಗೆ ಕಟ್ಟದೆ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಹಾಗಿದ್ದೂ ಅಲಬಾಮಾ, ಮಿಸಿಸಿಪ್ಪಿಗಳು ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಅದು ಎಂಟೇ ಬಾಟಲಿ ಆದರೂ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಲೈಸೆನ್ಸ್ ತೆಗೆದುಕೊಂಡು ಮಾಡುತ್ತವೆ. ಓದಿ ಉತ್ಸಾಹದಲ್ಲಿ ಪಾತ್ರೆ ಇಟ್ಟ ಹುಡುಗನಿಗೆ ಇದನ್ನು ಯಾರು ಹೇಳಬೇಕು? ಒಂದು ಸಾಲು ಹಾಕಬಹುದಿತ್ತು ಅಲ್ವಾ.

ಉಳಿದದ್ದು ಹಾಗಿರಲಿ, ಸಕ್ಕರೆಯ ತಿದ್ದುಪಡಿಯನ್ನಾದರೂ ಬರುವ ಭಾನುವಾರ ಅದೇ ಪುರವಣಿಯಲ್ಲಿ, ಅದೇ ಪುಟದಲ್ಲಿ ಹಾಕಿ. ಲೀಟರಿಗೆ 6 ಗ್ರಾಂ, ತಕ್ಕಡಿಯಲ್ಲಿ ತೂಗಿ. ಒಳಪುಟದ ಮೂಲೆಯಲ್ಲಿ ಇರುವೆ ಸಾಲಿನ ಅಕ್ಷರದಲ್ಲಿ ಬೇಡ.

ಇಂತಿ,
ನಿಮ್ಮ ಹಳೇ ಓದುಗ
ಬೀವರ್ಟನ್, ಆರಿಗನ್