ನಿಲ್ಲಿಸಿದಾಗಲೆಲ್ಲ ಕಾರಣ ಹೇಳಿದ ನಮ್ಮ ಮಾಷ್ಟ್ರಿಗೆ

ಮಡಿಕೇರಿಯಲ್ಲಿ ನಮ್ಮ ಗಾಯನ ಮೇಳವನ್ನೂ ಅದರ ಜೊತೆಗಿನ ಪುಟ್ಟ ಆರ್ಕೆಸ್ಟ್ರಾವನ್ನೂ ಕಟ್ಟಿ ಇಷ್ಟು ವರ್ಷ ನಡೆಸಿದ ಕಂಡಕ್ಟರ್ ಮಾಷ್ಟ್ರು ಈ ಬಾರಿಯ ಕಾರ್ಯಕ್ರಮದೊಂದಿಗೆ ನಿವೃತ್ತರಾದರು. ವೇದಿಕೆಯ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅವರು ಮಾಡಿದ ಕೆಲಸ ಯಾವುದೆಂದು ಹೇಳುವುದಕ್ಕೆ ಮಾತ್ರ ಅಲ್ಲಿ ಪುರುಸೊತ್ತಾಗಲಿಲ್ಲ. ಅದನ್ನು ಹೇಳದೆ ಸಲ್ಲಿಸಿದ ಕೃತಜ್ಞತೆ ಅರ್ಧವೇ ಆಗುತ್ತದೆ ಎಂದು ಮೇಳದವರೆಲ್ಲ ಕೂಡಿ ಇದನ್ನು ಬರೆಯುತ್ತಿದ್ದೇವೆ.

ಹಾಡುವವರು ಹಾಡುತ್ತಾರೆ, ನುಡಿಸುವವರು ನುಡಿಸುತ್ತಾರೆ, ಎದುರಿಗೆ ನಿಂತು ಕೈ ಆಡಿಸುವವರಿಗೇನು ಕೆಲಸ ಎಂದು ಕೇಳುವವರು ಈಗಲೂ ಇದ್ದಾರೆ. ಮೊದಲ ಸ್ವರಕ್ಕೆ ಒಂದು ಎಣಿಕೆ ಮುಂಚೆ ಏಳುವ ಕೈಯನ್ನು ಅವರು ಗಮನಿಸಬೇಕು. ಹಾಡಿನ ವೇಗ, ಎಷ್ಟು ಗಟ್ಟಿ, ಎಷ್ಟು ಮೃದು, ಎಲ್ಲಿ ಉಸಿರು, ಎಲ್ಲವೂ ಆ ಒಂದು ಎತ್ತುಗೈಯಲ್ಲೇ ಇರಬೇಕು. ಕೈ ನಿಧಾನವಾಗಿ ಎದ್ದು ಬೇಗನೆ ಇಳಿದರೆ ಎತ್ತರದ ಹೆಣ್ಣುಧ್ವನಿಯ ಸೊಪ್ರಾನೊದವರು ಏರಿದ ವೇಗ ಹಿಡಿಯುತ್ತಾರೆ, ತಗ್ಗಿನ ಗಂಡುಧ್ವನಿಯ ಬೇಸ್‌ನವರು ಇಳಿದ ವೇಗ ಹಿಡಿಯುತ್ತಾರೆ, ಮೊದಲ ಬಾರ್‌ನಲ್ಲೇ, ಅಂದರೆ ತಾಳದ ಮೊದಲ ಸುತ್ತಿನಲ್ಲೇ, ಮೇಳ ಎರಡಾಗುತ್ತದೆ. ಮಾಷ್ಟ್ರು ಕೈ ಎತ್ತುವಾಗ ತಾವೂ ಉಸಿರು ಎಳೆದುಕೊಳ್ಳುತ್ತಿದ್ದರು, ಅದೂ ಹಾಡು ನಡೆಯುವ ವೇಗದಲ್ಲೇ. ನಲವತ್ತು ಸೆಂಟಿಮೀಟರ್ ಮೀರದ ಹಗುರ ಬ್ಯಾಟನ್ನನ್ನು (ಕಂಡಕ್ಟರ್ ಕೈಯ ಕಡ್ಡಿಯನ್ನು) ಹೆಬ್ಬೆರಳು, ತೋರುಬೆರಳ ನಡುವೆ ಸಡಿಲವಾಗಿ ಹಿಡಿಯಬೇಕು, ಬಿಗಿಯಾದರೆ ಆ ಬಿಗಿ ನಮ್ಮ ಗಂಟಲಿಗೂ ಬರುತ್ತದೆ ಎಂದು ಅವರು ಹೇಳುತ್ತಿದ್ದುದು ನಿಜವೇ. ಎಡಗೈ ಬಲಗೈಯ ನಕಲು ಮಾಡಬಾರದು. ಅದರ ಕೆಲಸ ಬೇರೆ: ಆಲ್ಟೊ (ತಗ್ಗಿನ ಹೆಣ್ಣುಧ್ವನಿ) ಒಳಬರಲಿ, ಟೆನರ್ (ಎತ್ತರದ ಗಂಡುಧ್ವನಿ) ತಗ್ಗಲಿ, ಈ ಸ್ವರ ನಿಲ್ಲಲಿ ಎನ್ನುವುದು.

ಆದರೆ ನಾವು ಮುಖ್ಯವಾಗಿ ಋಣಿಗಳಾಗಿರುವುದು ಅವರ ಕೈಗಿಂತ ಅವರ ಮಾತಿಗೆ. ಅಭ್ಯಾಸದಲ್ಲಿ ನಿಲ್ಲಿಸಿದಾಗಲೆಲ್ಲ ಅವರು ಕಾರಣ ಹೇಳುತ್ತಿದ್ದರು. ಯಾವ ಧ್ವನಿ, ಎಷ್ಟನೆಯ ಬಾರ್, ಎಷ್ಟನೆಯ ಬೀಟ್, ಏನು ತಪ್ಪಿತು, ಯಾಕೆ ತಪ್ಪಿತು. ಇದೇ ಕ್ರಮದಲ್ಲಿ, ಎರಡು ವಾಕ್ಯದಲ್ಲಿ. “ಇನ್ನೊಮ್ಮೆ ಹಾಡಿ” ಎಂದಷ್ಟೇ ಹೇಳಿದರೆ ಜನ ತಪ್ಪನ್ನೇ ಇನ್ನೊಮ್ಮೆ ಅಭ್ಯಾಸ ಮಾಡುತ್ತಾರೆ.

ವಾದ್ಯವಿಲ್ಲದೆ ನಾಲ್ಕು ಧ್ವನಿಯಲ್ಲಿ ಹಾಡುವಾಗ ಶ್ರುತಿ ಇಳಿಯುವುದು ಎಲ್ಲ ಮೇಳಗಳ ಕಾಯಿಲೆ. ಎರಡು ನಿಮಿಷದ ಹಾಡು ಮುಗಿಯುವ ಹೊತ್ತಿಗೆ ಅರ್ಧ ಸ್ವರ ಕೆಳಗೆ ಬಂದಿರುತ್ತದೆ, ಎಲ್ಲರೂ ಒಟ್ಟಿಗೆ ಇಳಿದಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಭಾಗಕ್ಕೆ ಪಿಯಾನೊ ಸೇರಿದ ಕೂಡಲೇ ಬಯಲಾಗುತ್ತದೆ. ಉಸಿರು ಸಾಲದೆ ಇಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಉತ್ತರ. ಮಾಷ್ಟ್ರು ಅದರಾಚೆ ಹುಡುಕಿದರು. ಸ್ವರಗಳು ಮೆಟ್ಟಿಲಿಳಿಯುವಾಗ ನಾವು ಹೆಜ್ಜೆಯನ್ನು ತುಸು ದೊಡ್ಡದಾಗಿ ಇಡುತ್ತೇವೆ, ಏರುವಾಗ ಚಿಕ್ಕದಾಗಿ. ಪ್ರತಿ ಸಾಲಿಗೂ ಒಂದಿಷ್ಟು ಸೋರಿಕೆ. ಒಂದೇ ಸ್ವರ ಆರೇಳು ಸಲ ಬಂದರೆ ಕೊನೆಯದು ಮೊದಲನೆಯದಕ್ಕಿಂತ ತಗ್ಗಿರುತ್ತದೆ. ಇದು ಹೆಚ್ಚಾಗಿ ಆಲ್ಟೊ ಪಾಲಿಗೆ ಬರುವ ಕಷ್ಟ. ಬಾಯಿ ಅಡ್ಡಕ್ಕೆ ಅಗಲಿಸಿ “ಎ” ಎಂದರೆ ಧ್ವನಿ ಚಪ್ಪಟೆಯಾಗಿ ಕೆಳಗೆ ಜಾರುತ್ತದೆ. ಇನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದೂವರೆ ಗಂಟೆ ಕಳೆದರೆ ಗಾಳಿಯೇ ಸತ್ತಿರುತ್ತದೆ, ಯಾವ ಉಪಾಯವೂ ಕೆಲಸ ಮಾಡುವುದಿಲ್ಲ.

ಮದ್ದೂ ಕಾರಣಕ್ಕೆ ತಕ್ಕಂತೆ. ಇಳಿಯುವ ಸಾಲನ್ನು ಅರ್ಧ ವೇಗದಲ್ಲಿ ಬಾಯಿ ಮುಚ್ಚಿ ಗುನುಗಿಸುವುದು. ಹಾಡನ್ನು ಅರ್ಧ ಸ್ವರ ಮೇಲಿನಿಂದ ಹಾಡಿಸಿ ನೋಡುವುದು. ಎಷ್ಟೋ ಸಲ ಗಂಟಲಿಗೆ ಒಗ್ಗದ ಶ್ರುತಿಯೇ ಇಳಿತಕ್ಕೆ ಮೂಲ. ಅಮೆರಿಕದ ಗಾಯನ ಮೇಳಗಳ ಕಂಡಕ್ಟರ್ ರಾಬರ್ಟ್ ಶಾ ರೂಢಿಗೆ ತಂದ ಎಣಿಕೆ ಹಾಡಿಕೆಯನ್ನೂ ಅವರು ನಮಗೆ ಕಲಿಸಿದರು: ಸಾಹಿತ್ಯ ಬಿಟ್ಟು, ಬೀಟ್‌ಗಳ ಎಣಿಕೆಯನ್ನೇ ಸ್ವರದ ಮೇಲೆ ಮೆಲ್ಲಗೆ ಹಾಡುವುದು. ಉದ್ದ ಸ್ವರದೊಳಗೆ ಎಷ್ಟು ಎಣಿಕೆ ಇದೆ ಎಂಬುದು ಬಾಯಿಗೇ ಗೊತ್ತಾಗುತ್ತದೆ, ಯಾರೂ ಮೊದಲೇ ಬಿಡುವುದಿಲ್ಲ, ಗಂಟಲೂ ದಣಿಯುವುದಿಲ್ಲ. ಉದ್ದ ಸಾಲುಗಳಲ್ಲಿ ಪಕ್ಕದವರಿಬ್ಬರು ಒಂದೇ ಕಡೆ ಉಸಿರು ತೆಗೆಯಬಾರದು. ಸ್ವರದ ನಡುವೆ ಮೆಲ್ಲಗೆ ಹೊರಟು, ವ್ಯಂಜನ ಮತ್ತೆ ಉಚ್ಚರಿಸದೆ ಅದೇ “ಆ”ಕಾರದ ಮೇಲೆ ಮೆಲ್ಲಗೆ ಸೇರಿಕೊಳ್ಳಬೇಕು. ಇದು ಕೂಡಿಬಂದಾಗ ಇಡೀ ಮೇಳಕ್ಕೆ ಉಸಿರೇ ಬೇಡವೇನೋ ಅನಿಸುತ್ತದೆ.

ಕನ್ನಡವನ್ನು ನಾಲ್ಕು ಧ್ವನಿಗೆ ಹೊಂದಿಸುವಾಗ ಅವರು ಪಟ್ಟ ಪಾಡಿಗೆ ಪ್ರತ್ಯೇಕವಾಗಿಯೇ ನಮಸ್ಕಾರ ಹೇಳಬೇಕು. ನಮ್ಮಲ್ಲಿ ಮನೆಮಾತು ಕೊಡವ ತಕ್ಕ್ ಇರುವವರು, ಅರೆಭಾಷೆಯವರು, ತುಳು, ಮಲಯಾಳ, ಕೊಂಕಣಿಯವರು ಎಲ್ಲ ಇದ್ದಾರೆ. ಒಬ್ಬೊಬ್ಬರ “ಎ” ಒಂದೊಂದು ಬಗೆ. ಅದನ್ನು ಒಂದು ಮಾಡದೆ ಧ್ವನಿ ಬೆರೆಯುವುದಿಲ್ಲ. ಹ್ರಸ್ವ ದೀರ್ಘಗಳ ವಿಷಯದಲ್ಲಂತೂ ಅವರು ಕಟ್ಟುನಿಟ್ಟು: ಉದ್ದ ಸ್ವರದ ಮೇಲೆ ಎಳೆದರೆ ಬಳೆ ಬಾಳೆಯಾಗುತ್ತದೆ. ಹಾಗಾಗಿ ವಚನಗಳಿಗೆ ಸ್ವರ ಹಾಕುವಾಗ ಹ್ರಸ್ವಕ್ಕೆ ಚಿಕ್ಕ ಸ್ವರ, ಎಳೆತವೆಲ್ಲ ದೀರ್ಘಾಕ್ಷರದ ಮೇಲೆ ಅಥವಾ ಪದದ ಕೊನೆಯಲ್ಲಿ. ಒತ್ತಕ್ಷರಗಳಲ್ಲೂ ಎರಡು ಜಾತಿ. “ಕನ್ನಡ”ದ ನ್‌ಕಾರಕ್ಕೆ ನಾದವಿದೆ, ಅದನ್ನು ಶ್ರುತಿಯ ಮೇಲೆಯೇ ಹಿಡಿಯಬೇಕು. “ಕತ್ತಲೆ”ಯ ತ್‌ಕಾರ ಮೌನ; ಆ ಮೌನ ಎಲ್ಲರ ಬಾಯಲ್ಲೂ ಒಂದೇ ಕ್ಷಣ ಶುರುವಾಗಿ ಒಂದೇ ಕ್ಷಣ ಮುಗಿಯದಿದ್ದರೆ ಕೇಳುವವರಿಗೆ ತಟಪಟ ಎಂಬ ಸದ್ದಷ್ಟೇ ದಕ್ಕುತ್ತದೆ. “ಚಂದ” ಎನ್ನುವಲ್ಲಿ ಸ್ವರದ ಮುಕ್ಕಾಲು ಪಾಲು “ಚ”ಕಾರದ ಮೇಲೆ ನಿಂತು ಕೊನೆಯ ಕಾಲು ಪಾಲಿನಲ್ಲಿ ಮೂಗಿಗೆ ಮುಚ್ಚಬೇಕು.

ಏಳೆಣಿಕೆಯ ತಾಳವಾದ ಮಿಶ್ರಚಾಪುವಿನ ಹಾಡನ್ನು ಅವರು ಏಳು ಬೀಟ್ ಹಾಕಿ ನಡೆಸಲಿಲ್ಲ. ವೇಗದಲ್ಲಿ ಏಳು ಹಾಕಿದರೆ ಕೈ ಗಿರಗಿರ ತಿರುಗುತ್ತದೆ, ಯಾವುದು ಮೊದಲನೆಯದೆಂದೇ ಕಾಣುವುದಿಲ್ಲ. ಮೂರು, ಎರಡು, ಎರಡು ಎಂದು ಒಡೆದು, ಒಂದು ಉದ್ದ ಬೀಟ್, ಎರಡು ಗಿಡ್ಡ ಬೀಟ್. ತಾಳ ಹಾಕಿ ಬೆಳೆದವರಿಗೂ 7/8 ಎಂದು ಓದುವ ಬ್ಯಾಂಡಿನವರಿಗೂ ಒಂದೇ ಕೈ ಅರ್ಥವಾಯಿತು. ಸ್ವರವನ್ನು ಓಲಾಡಿಸುವ ಗಮಕವನ್ನು ಒಂದೇ ಧ್ವನಿಗೆ ಬಿಟ್ಟು ಉಳಿದ ಮೂರನ್ನು ನೇರ ಸ್ವರದ ಮೇಲೆ ನಿಲ್ಲಿಸಿದ್ದೂ ಸರಿಯಾದ ತೀರ್ಮಾನ ಎಂದು ನಮ್ಮ ಅಭಿಪ್ರಾಯ.

ಬ್ಯಾಂಡಿನವರು ಎಂದಾಗ ನಿವೃತ್ತ ಸೈನಿಕರಾದ ನಮ್ಮ ವಾದಕರಿಗೆ ಕೈ ಮುಗಿಯುತ್ತೇವೆ. ಸೇನೆಯ ಬ್ಯಾಂಡುಗಳಲ್ಲಿ ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ಓದಿ ನುಡಿಸುವ ಶಿಸ್ತಿದೆ. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಅದಕ್ಕೆಂದೇ ತರಬೇತಿ ಕೇಂದ್ರವಿದೆ. ಕೊಡಗಿನಂಥ ಊರಿನಲ್ಲಿ ಆರ್ಕೆಸ್ಟ್ರಾ ಸಾಧ್ಯವಾದದ್ದೇ ಇವರಿಂದ. ಬಿ ಫ್ಲ್ಯಾಟ್ ಕ್ಲ್ಯಾರಿನೆಟ್ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳಿಸುವುದರಿಂದ ಡಿ (D) ಶ್ರುತಿಯ ಹಾಡನ್ನು ಅವರಿಗೆ ಇ (E) ಶ್ರುತಿಯಲ್ಲಿ ಬರೆದುಕೊಡಬೇಕು. ಅಷ್ಟೂ ಪಾರ್ಟ್‌ಗಳನ್ನು (ಒಬ್ಬೊಬ್ಬರ ಪಾಲಿನ ಸ್ವರದ ಹಾಳೆಗಳನ್ನು) ಮಾಷ್ಟ್ರು ಕೈಯಲ್ಲೇ ಬರೆದರು, ಪುಟ ಮಗುಚುವ ಜಾಗಕ್ಕೆ ಸರಿಯಾಗಿ ವಿರಾಮ ಬರುವಂತೆ ಲೆಕ್ಕ ಹಾಕಿ.

ನಮ್ಮ ಹವೆಯ ಜೊತೆಗಿನ ಸೆಣಸಾಟವೂ ಕಡಿಮೆಯದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಿಯಾನೊದ ನಾದಫಲಕ ತೇವ ಹೀರಿ ಉಬ್ಬುತ್ತದೆ. ನಡುವಿನ ಸ್ವರಗಳು ಏರುತ್ತವೆ, ತುದಿಯವು ಅಷ್ಟಾಗಿ ಏರುವುದಿಲ್ಲ, ಹಾಗಾಗಿ ಪಿಯಾನೊ ತನ್ನೊಳಗೇ ಬೇರ್ಪಡುತ್ತದೆ. ಮಳೆಯ ನಡುವೆ ಶ್ರುತಿ ಮಾಡಿಸಿದರೆ ಒಣಹವೆ ಬಂದಾಗ ಮತ್ತೆ ಇಳಿಯುತ್ತದೆ. ಒಳಗೊಂದು ಸಣ್ಣ ಬಲ್ಬ್ ಉರಿಸಿಟ್ಟು, ಮಳೆ ನಿಂತು ಹವೆ ಒಂದು ಹದಕ್ಕೆ ಬಂದ ಮೇಲೆಯೇ ಶ್ರುತಿ ಮಾಡಿಕೊಟ್ಟ, ಮೈಸೂರಿನಿಂದ ಬಂದುಹೋಗುವ ಟ್ಯೂನರ್ ಅಣ್ಣನಿಗೆ ಧನ್ಯವಾದ. ಡಿಸೆಂಬರ್ ಚಳಿಯಲ್ಲಿ ಇನ್ನೊಂದು ಬಗೆ: ಕೊಳವೆಯೊಳಗಿನ ಗಾಳಿ ತಣ್ಣಗಾಗಿ ಊದುವ ವಾದ್ಯಗಳ ಶ್ರುತಿ ಇಳಿಯುತ್ತದೆ, ಪಿಟೀಲಿನ ಉಕ್ಕಿನ ತಂತಿ ಕುಗ್ಗಿ ಏರುತ್ತದೆ. ಆದ್ದರಿಂದ ಚಳಿಗಾಲದಲ್ಲಿ ವಾದ್ಯ ಪೆಟ್ಟಿಗೆಯಿಂದ ತೆಗೆದ ಕೂಡಲೇ ಶ್ರುತಿ ಕೂಡಿಸುವಂತಿಲ್ಲ. ಕಾಲು ಗಂಟೆ ಊದಿ ಬೆಚ್ಚಗಾದ ಮೇಲೆ. ತಗಡಿನ ಮಾಡಿನ ಮೇಲೆ ಮಳೆ ಬಡಿದು ಏನೂ ಕೇಳಿಸದ ಸಂಜೆಗಳನ್ನೂ ಮಾಷ್ಟ್ರು ಹಾಳು ಮಾಡಲಿಲ್ಲ. ಆಗ ಸ್ಕೋರ್‌ನಲ್ಲಿ (ಎಲ್ಲ ಧ್ವನಿಗಳ ಸ್ವರಗಳೂ ಒಟ್ಟಿಗಿರುವ ಪುಸ್ತಕದಲ್ಲಿ) ಪೆನ್ಸಿಲ್ ಗುರುತು ಹಾಕಿಸುತ್ತಿದ್ದರು, ಕೈ ನೋಡಿಯೇ ಸಾಹಿತ್ಯವನ್ನು ಲಯದಲ್ಲಿ ಹೇಳಿಸುತ್ತಿದ್ದರು. ಕಣ್ಣು ಪುಸ್ತಕದಿಂದ ಮೇಲೆದ್ದದ್ದು ಆ ಮಳೆಯಿಂದಲೇ.

ಈ ದಾರಿ ಹಿಡಿಯಬೇಕೆನ್ನುವ ಮಕ್ಕಳು ನಮ್ಮಲ್ಲಿ ಇಬ್ಬರು ಮೂವರು ಇದ್ದಾರೆ, ಅವರಿಗಾಗಿ ಒಂದು ಮಾತು. ಕಂಡಕ್ಟರ್ ಆದವರು ಹೆಚ್ಚಾಗಿ ಮೇಳದ ಒಳಗಿನಿಂದಲೇ ಬಂದವರು. ಇಟಲಿಯ ಹೆಸರಾಂತ ಕಂಡಕ್ಟರ್ ಟೊಸ್ಕಾನಿನಿ ಮೊದಲು ಚೆಲ್ಲೊ ನುಡಿಸುತ್ತಿದ್ದವರು, 1886ರಲ್ಲಿ ರಿಯೊ ಡಿ ಜನೈರೊದಲ್ಲಿ ತಮ್ಮ 19ನೆಯ ವಯಸ್ಸಿನಲ್ಲಿ ಕುರ್ಚಿಯಿಂದೆದ್ದು ಒಂದಿಡೀ ಒಪೆರಾವನ್ನು (ಹಾಡಿನ ನಾಟಕವನ್ನು) ನೆನಪಿನಿಂದ ನಡೆಸಿದರು. ಮುಂಬಯಿಯಲ್ಲಿ 1936ರಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ವಿಯೆನ್ನಾದಲ್ಲಿ ಡಬಲ್ ಬಾಸ್ ನುಡಿಸುತ್ತ ಹನ್ಸ್ ಸ್ವಾರೊವ್ಸ್ಕಿ ಅವರ ಬಳಿ ಕಂಡಕ್ಟರ್ ಕೆಲಸ ಕಲಿತರು, 1958ರಲ್ಲಿ ಕಂಡಕ್ಟರುಗಳ ಲಿವರ್‌ಪೂಲ್ ಸ್ಪರ್ಧೆ ಗೆದ್ದರು. ಕಲಿಯಬೇಕಾದದ್ದು ಬಹಳ: ನಾಲ್ಕು ಸಾಲನ್ನು ಒಮ್ಮೆಗೇ ಓದುವಷ್ಟು ಪಿಯಾನೊ, ಆರ್ಕೆಸ್ಟ್ರಾದ ಒಂದು ವಾದ್ಯ, ವಿಯೋಲಾದ ಸ್ವರಗಳನ್ನು ಬರೆಯುವ ಆಲ್ಟೊ ಕ್ಲೆಫ್ ಲಿಪಿ, ನಾಲ್ಕು ಧ್ವನಿ ಕೇಳುವಾಗ ಟೆನರ್ ಒಂದನ್ನೇ ಹೆಕ್ಕಿ ಹಾಡಬಲ್ಲ ಕಿವಿ. ಎಷ್ಟೋ ಊರುಗಳಲ್ಲಿ ಕೋರಸ್ ಮಾಸ್ಟರ್ ತಿಂಗಳುಗಟ್ಟಲೆ ಗಾಯಕರನ್ನು ತಯಾರು ಮಾಡಿ, ಕೊನೆಯ ಕೆಲವು ಅಭ್ಯಾಸಗಳಲ್ಲಿ ಅವರನ್ನು ಆರ್ಕೆಸ್ಟ್ರಾದ ಕಂಡಕ್ಟರ್ ಕೈಗೆ ಒಪ್ಪಿಸಿ ಹಿಂದೆ ಸರಿಯುತ್ತಾರೆ. ನಮ್ಮ ಮಾಷ್ಟ್ರು ಎರಡೂ ಕೆಲಸ ಮಾಡಿದರು, ಹಗಲು ಪಾಠ ಹೇಳಿ ಜೀವನ ನಡೆಸುತ್ತ. ನಮ್ಮ ದೇಶದಲ್ಲಿ ಬರೀ ಬ್ಯಾಟನ್ನಿನಿಂದ ಮನೆ ನಡೆಸಬಲ್ಲವರು ತೀರ ವಿರಳ.

ಕಾಫಿ ಕುಯ್ಲಿನ ತಿಂಗಳಲ್ಲೂ ಸಂಜೆ ಅಭ್ಯಾಸಕ್ಕೆ ಬಿಟ್ಟುಕೊಟ್ಟ ತೋಟದವರು, ಪುತ್ತರಿ ಹಬ್ಬದ ವಾರದಲ್ಲಿ ಅಭ್ಯಾಸದ ದಿನ ಬದಲಿಸಿಕೊಂಡವರು, ಗಾಯಕರು ನಿಲ್ಲುವ ಮೆಟ್ಟಿಲು ಹಲಗೆಗಳನ್ನು ತಲಾ ಎಂಟು ಇಂಚು ಎತ್ತರಕ್ಕೆ ಅಲುಗದಂತೆ ಮಾಡಿಕೊಟ್ಟ ಆಚಾರಿಯವರು, ಸಭಾಂಗಣದ ಫ್ಯಾನುಗಳನ್ನು ಹಾಡಿನ ಹೊತ್ತಿಗೆ ನಿಲ್ಲಿಸಲು ಒಪ್ಪಿದ ಮೇಲ್ವಿಚಾರಕರು, ಅಷ್ಟೂ ಸಂಜೆ ಬಿಸಿನೀರು, ಕಾಫಿ ಕಾಯಿಸಿಕೊಟ್ಟ ಅಕ್ಕಂದಿರು, ಎಲ್ಲರಿಗೂ ನಮ್ಮ ವಂದನೆ. ಮಾಷ್ಟ್ರ ಮನೆಯವರಿಗೆ ಬೇರೆಯೇ ವಂದನೆ. ಸ್ಕೋರ್ ಹರಡಿದ ಊಟದ ಮೇಜನ್ನು ಅವರು ಇಷ್ಟು ವರ್ಷ ನಮಗಾಗಿ ಬಿಟ್ಟುಕೊಟ್ಟಿದ್ದರು.

ಮೇಳದವರು ತಮ್ಮ ಬಳಿ ಇರುವ ಪಾರ್ಟ್‌ಗಳನ್ನು ಮೇ ತಿಂಗಳೊಳಗೆ ಹಿಂದಿರುಗಿಸಬೇಕು. ಪೆನ್ಸಿಲ್ ಗುರುತುಗಳನ್ನು ದಯವಿಟ್ಟು ಅಳಿಸಬೇಡಿ. ಉಸಿರಿನ ಗುರುತು, ಶ್ರುತಿ ಇಳಿಯುವ ಕಡೆ ಹಾಕಿದ ಮೇಲ್ಮುಖದ ಬಾಣ, ಒತ್ತಕ್ಷರದ ಗೆರೆ, ಎಲ್ಲವೂ ಮುಂದೆ ಬರುವ ಕಂಡಕ್ಟರ್‌ಗೆ ಬೇಕು. ಮಳೆ ಹಿಡಿಯುವ ಮೊದಲು ಅವನ್ನೆಲ್ಲ ಸಿಲಿಕಾ ಜೆಲ್ ಇಟ್ಟ ಮುಚ್ಚಳದ ಡಬ್ಬಗಳಲ್ಲಿ ಧ್ವನಿವಾರು ಜೋಡಿಸಿಡುತ್ತೇವೆ. ಸೊಪ್ರಾನೊ ಡಬ್ಬದ ಮೇಲುಸ್ತುವಾರಿಗೆ ಇನ್ನೊಬ್ಬರು ಬೇಕಾಗಿದ್ದಾರೆ.